ಮೀಟರು ನಮ್ಮದು, ಫ್ರಿಜ್ಜು ಧಣಿಯದು!



ಮುಂಬಯಿಯ ನಮ್ಮ ಖೋಲಿಗೆ ಕಳೆದ ತಿಂಗಳು 410 ಯೂನಿಟ್ಟಿನ ಬಿಲ್ಲು ಬಂತು. ಖೋಲಿ ಹೋಟೆಲು ಧಣಿಯದು, ಮಲಗುವವರು ನಾವು ಹನ್ನೊಂದು ಮಂದಿ. "ರಾತ್ರಿಯೆಲ್ಲ ಫ್ಯಾನು ಹಾಕಿದರೆ ಇನ್ನೇನು?" ಎಂದು ಧಣಿ ಪಗಾರದಲ್ಲೇ ಮುರಿದುಕೊಂಡರು. ನಮ್ಮಲ್ಲೂ ಕೆಲವರು, "ಹೋಗಲಿ ಮಾರಾಯ, ಕೊಟ್ಟುಬಿಡುವ" ಎಂದರು. ಈ "ಹೋಗಲಿ"ಯೇ ನಮ್ಮನ್ನು ಇಲ್ಲಿಯ ತನಕ ತಿಂದಿರುವುದು!

ಲೆಕ್ಕಕ್ಕೆ ಕುಳಿತೆವು. 1000 ವಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. 75 ವಾಟಿನ ನಾಲ್ಕು ಫ್ಯಾನು 12 ಗಂಟೆ ತಿರುಗಿದರೆ 3.6. ದೀಪ, ಮೊಬೈಲು ಸೇರಿಸಿದರೂ ದಿನಕ್ಕೆ ನಾಲ್ಕೂವರೆ ದಾಟದು, ತಿಂಗಳಿಗೆ 135. ಉಳಿದ 275 ನುಂಗಿದವರು ಯಾರು?

ರಜೆಯ ದಿನ ಖೋಲಿಯ ಮೇನ್ ಸ್ವಿಚ್ಚು ಇಳಿಸಿ, ಮೆಟ್ಟಿಲ ಕೆಳಗಿನ ಮೀಟರಿನ ಮುಂದೆ ನಿಂತೆವು. ಖೋಲಿಯಲ್ಲಿ ಕತ್ತಲೆ, ಮೀಟರಿನ ಕೆಂಪು ದೀಪ ಮಾತ್ರ ಮಿಟುಕುತ್ತಲೇ ಇತ್ತು. ವಯರಿನ ಜಾಡು ಹಿಡಿದು ಹೋದರೆ ಅದು ಮುಟ್ಟಿದ್ದು ಧಣಿಯ ಗೋದಾಮಿನ ದೊಡ್ಡ ಫ್ರಿಜ್ಜಿಗೆ! ಅಂಗಡಿ ದರ ಅವರಿಗೆ ಉಳಿಯಿತು. ಯೂನಿಟ್ಟು ಹೆಚ್ಚಿದಂತೆ ಏರುವ ಮನೆ ದರ ನಮ್ಮ ತಲೆಗೆ ಬಿತ್ತು. ವಯರ್‌ಮನ್ ತಪ್ಪಿ ಜೋಡಿಸಿದನಂತೆ. ತಪ್ಪು ಯಾವಾಗಲೂ ಧಣಿಯ ಕಡೆಗೇ ವಾಲುವುದು ಹೇಗೆ ಸ್ವಾಮಿ?

ಹಣ ಹಿಂದೆ ಕೇಳಿದರೆ ಕರೆಂಟು ಕಡಿಸುವ ಬೆದರಿಕೆ. ಬಾಕಿಗಾಗಿ ಕರೆಂಟು ಕಡಿಯಲು ವಿದ್ಯುತ್ ಕಂಪನಿಯೇ 15 ದಿನದ ಲಿಖಿತ ನೋಟೀಸು ಕೊಡಬೇಕೆಂದು 2003ರ ಕಾಯಿದೆ ಹೇಳುತ್ತದೆ. ಧಣಿ ಯಾವ ದೊಡ್ಡ ಕಂಪನಿ?

ಮುರಿದ ಪಗಾರ ಕೈಗೆ ಬರುವ ತನಕ ನಾವು ಬಿಡುವವರಲ್ಲ. ಧಣಿಯ ಖೋಲಿಯಲ್ಲಿ ಮಲಗುವ ನೀವೂ ಒಮ್ಮೆ ಮೇನ್ ಸ್ವಿಚ್ಚು ಇಳಿಸಿ ನೋಡಿ. ದೀಪ ಮಿಟುಕಿದರೆ ಮೀಟರಿನ ಅಂಕಿ ಬರೆದುಕೊಂಡು, ಬಿಲ್ಲು ಹಿಡಿದು ಸಂಘಕ್ಕೆ ಬನ್ನಿ.