ಏಕಾಕಿಯ ಶರದ್ಯಾತ್ರೆ

ಬರುವ ನವೆಂಬರ್ ತಿಂಗಳ ಕೊನೆಯ ವಾರದಲ್ಲಿ ನಾವು ಜಪಾನ್ ದೇಶದ ಕ್ಯೋತೋ ನಗರಕ್ಕೆ ಐದು ದಿನಗಳ ಮಟ್ಟಿಗೆ ಹೋಗಿಬರುವುದೆಂದು ನಿಶ್ಚಯಿಸಿರುವೆವು, ಅದೂ ಏಕಾಕಿಯಾಗಿ. ಈ ಸಮಾಚಾರವು ಮನೆಯಲ್ಲಿ ಎಬ್ಬಿಸಿದ ಕೋಲಾಹಲವನ್ನು ವಾಚಕರೇ ಊಹಿಸಿಕೊಳ್ಳಬಹುದು. ಎಂಟು ದಿನಗಳಲ್ಲಿ ಏಳು ಪಟ್ಟಣಗಳನ್ನು ತೋರಿಸುವ ತಂಡವೊಂದರೊಡನೆ ಹೋಗಬೇಕೆಂದು ನಮ್ಮ ಮಗನ ಹಟ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯ ಕರ್ಮಗಳಲ್ಲಿ ಎಣಿಸಿರುವುದೆಂದು ಮಿತ್ರರೊಬ್ಬರ ಆಕ್ಷೇಪ. ವಿಮಾನವು ಸಮುದ್ರವನ್ನು ಮುಟ್ಟುವುದಿಲ್ಲವೆಂದು ಅವರಿಗೆ ಉತ್ತರವಿತ್ತೆವು. ನಾವು ಇಳಿಯತಕ್ಕ ಕನ್ಸಾಯಿ ನಿಲ್ದಾಣವು ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪವೆಂಬುದನ್ನು ಮಾತ್ರ ಹೇಳಲಿಲ್ಲ.

ಶರತ್ತೆಂದರೆ ನಮ್ಮ ಕವಿಗಳಿಗೆ ಕಾಶಪುಷ್ಪ, ತಿಳಿನೀರು, ಹಂಸಗಳು. ಎಲೆಯುದುರಿಸುವುದು ನಮ್ಮಲ್ಲಿ ಶಿಶಿರದ ಕೆಲಸ. ಅಲ್ಲಿಯಾದರೋ ಶರತ್ತಿನ ವೈಭವವೆಲ್ಲ ಎಲೆಯದೇ. ಚಳಿ ಹೆಚ್ಚಿದಂತೆ ಎಲೆಯ ಹರಿದ್ವರ್ಣವು ಕರಗಿ, ಅದರಲ್ಲಿಯೇ ಕೆಂಬಣ್ಣವು ಹೊಸದಾಗಿ ಹುಟ್ಟುವುದು. ಮೇಪಲ್ ಎಂಬ ಆ ಮರಕ್ಕೆ ಜಪಾನೀಯರು ಕಾಯೆದೆ ಎನ್ನುವರು. ಕಪ್ಪೆಯ ಕೈ ಎಂಬರ್ಥದ ಹಳೆಯ ಮಾತು ಸವೆದು ಆ ಹೆಸರಾಯಿತಂತೆ. ನೋಡಿದವರಿಗೆ ಬೇರೆ ವ್ಯಾಖ್ಯಾನ ಬೇಕಾಗಲಾರದು.

ಆದರೆ ನಮ್ಮನ್ನು ಎಳೆಯುತ್ತಿರುವುದು ಎಲೆಯಲ್ಲ, ಅಕ್ಷರ. ಕೂಕಾಯಿ ಎಂಬ ಭಿಕ್ಷುವು 804ರಲ್ಲಿ ಚೀನಕ್ಕೆ ಹೋಗಿ, ಭಾರತದಿಂದ ಬಂದಿದ್ದ ಪ್ರಜ್ಞನೆಂಬ ಪಂಡಿತನ ಬಳಿ ಸಂಸ್ಕೃತವನ್ನು ಕಲಿತು, 806ರಲ್ಲಿ ಸ್ವದೇಶಕ್ಕೆ ಮರಳಿದನು. 823ರಲ್ಲಿ ಅವನ ವಶಕ್ಕೆ ಬಂದ ತೋಜಿ ದೇವಾಲಯವು ಇಂದಿಗೂ ಕ್ಯೋತೋವಿನಲ್ಲಿದೆ. ಅದರ ಉಪನ್ಯಾಸಮಂದಿರದಲ್ಲಿ ಹಂಸಗಳು ಹೊತ್ತ ಪದ್ಮದ ಮೇಲೆ ಬ್ರಹ್ಮನೂ ಆನೆಯ ಮೇಲೆ ಇಂದ್ರನೂ ಕುಳಿತಿರುವರು. ಹೆಸರು ಮಾತ್ರ ಬೊಂತೆನ್, ತಾಯಿಷಕುತೆನ್. ನಮ್ಮಲ್ಲಿ ಬಳಕೆ ತಪ್ಪಿದ ಸಿದ್ಧಂ ಲಿಪಿಯಲ್ಲಿ ಆ ಪಂಥದವರು ಇಂದಿಗೂ ಬೀಜಾಕ್ಷರಗಳನ್ನು ಬರೆಯುವರು. ಸಮಾಧಿಗಳ ಬಳಿ ನಿಲ್ಲಿಸುವ ಮರದ ಹಲಗೆಗಳ ಮೇಲೂ ಅವು ಕಾಣುವುವು. ಆ ಹಲಗೆಯ ಹೆಸರು ಸೊತೊಬಾ, ಅಂದರೆ ನಮ್ಮ ಸ್ತೂಪವೇ.

ಇನ್ನೂ ಸೋಜಿಗವು ಅವರ ವರ್ಣಮಾಲೆ. ಅ ಇ ಉ ಎ ಒ ಎಂದು ಸ್ವರಗಳು; ಆಮೇಲೆ ಕ ಸ ತ ನ ಹ ಮ ಯ ರ ವ. ಚಕಾರದ ಸ್ಥಾನದಲ್ಲಿ ಸಕಾರವಿದೆ. ಹಕಾರವು ಹಿಂದೆ ಪಕಾರವಾಗಿದ್ದಿತು. ಹೀಗೆ ತಿದ್ದಿಕೊಂಡು ಓದಿದರೆ ಒಂದನೆಯ ತರಗತಿಯಲ್ಲಿ ನಾವು ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದ ಕ್ರಮವೇ! ಜೀವಮಾನವೆಲ್ಲ ಅಕ್ಷರವನ್ನು ಕಲಿಸಿದವನಿಗೆ, ಅದು ಸಾವಿರದ ಇನ್ನೂರು ವರ್ಷಗಳ ಹಿಂದೆ ಹೋಗಿ ನೆಲೆಸಿದ ಮನೆಯನ್ನು ಒಮ್ಮೆ ನೋಡಬೇಕೆನಿಸುವುದು ಅತಿಯಾಸೆಯೆ?

ಒಂಟಿಯಾಗಿ ಹೋಗುವುದೂ ಇದಕ್ಕಾಗಿಯೇ. ಒಂದು ಹಲಗೆಯ ಮುಂದೆ ಅರ್ಧ ದಿನ ನಿಂತರೆ ಜತೆಯವರಿಗೆ ಅನ್ಯಾಯವಾಗುವುದು. ಜತೆಯವರಿಗಾಗಿ ಹೊರಟುಬಿಟ್ಟರೆ ನಮಗೆ. ಗೃಹಸ್ಥನಾದ ಮೇಲೆ ನಾವು ಮೂರು ದಿನ ಒಬ್ಬರೇ ಇದ್ದುದು ನೆನಪಿಲ್ಲ. ಕಾಯಿಲೆಯಾದರೆ, ದಾರಿ ತಪ್ಪಿದರೆ ಎಂಬ ಭಯವು ರಾತ್ರಿ ನಮ್ಮನ್ನೂ ಕಾಡದೆ ಇಲ್ಲ. ಮಂಡಿನೋವಿನಿಂದ ಬರಲೊಲ್ಲದ ನಮ್ಮ ಮನೆಯವರೇ ಧೈರ್ಯ ಹೇಳಿದರು: "ಹೋಗಿಬನ್ನಿ, ನನಗೂ ಐದು ದಿನ ಬಿಡುವಾಗಲಿ." ನಾವು ನಕ್ಕೆವು. ಆದರೆ ನಿವೃತ್ತರಾದಂದಿನಿಂದ ಹಗಲೆಲ್ಲ ಮನೆಯಲ್ಲಿಯೇ ಇರುವ ಗಂಡಸಿನ ಭಾರವನ್ನು ಯಾರು ಹೊರುವರೆಂದು ಆ ಮಾತಿನಿಂದ ಹೊಳೆಯಿತು. ಅವರದು ಬರಿಯ ಪರಿಹಾಸ್ಯವಾಗಿರಲಿಲ್ಲ.

ಊಟದ ವಿಷಯದಲ್ಲಿ ಎಚ್ಚರ ಬೇಕು. ಅಲ್ಲಿಯ ಸಾರುಗಳಿಗೆ ಸಾಮಾನ್ಯವಾಗಿ ಒಣಮೀನಿನ ರಸವೇ ಆಧಾರ. ಮಠಗಳ ಶೋಜಿನ್ ಅಡುಗೆಯು ಶುದ್ಧ ಸಸ್ಯಾಹಾರ. ಅದು ಸಿಕ್ಕದ ದಿನ ಅನ್ನ, ಚಟ್ನಿಪುಡಿ. ಆ ಕಾಲದಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯಾಸ್ತವಾಗುವುದಾದುದರಿಂದ ಬೆಳಿಗ್ಗೆಯೇ ಹೊರಡಬೇಕು. ಹೊರಡುವ ಮುನ್ನ ದಿನವೂ ಮನೆಗೆ ದೂರವಾಣಿ ಮಾಡುವುದೆಂದು ಒಪ್ಪಂದವಾಗಿದೆ. ಅಲ್ಲಿ 9 ಗಂಟೆಯಾದಾಗ ಇಲ್ಲಿ ಐದೂವರೆ. ಮನೆಯವರು ಕಾಫಿಗೆ ನೀರಿಡುವ ಹೊತ್ತು.