ಹೊಗೆಯಿಲ್ಲದ ಸಿಗರೇಟು: ಲಾಭವೆಷ್ಟು, ನಷ್ಟವೆಷ್ಟು?

ನೋಡಿದರೆ ಹೈಲೈಟರ್ ಪೆನ್ನು. ಇನ್ನೊಂದು ನಮೂನೆಯದು ಕಂಪ್ಯೂಟರಿಗೆ ಸಿಕ್ಕಿಸುವ ಪೆನ್‌ಡ್ರೈವ್‌ನಂತಿರುತ್ತದೆ. ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರ, ಕೋನಮಾಪಕಗಳ ಪಕ್ಕದಲ್ಲಿ ಮಲಗಿದ್ದರೆ ಅಪ್ಪ ಅಮ್ಮಂದಿರ ಕಣ್ಣಿಗೆ ಅದು ಬೇರೆಯಾಗಿ ಕಾಣುವುದೇ ಇಲ್ಲ. ಬಾಯಿಗಿಟ್ಟು ಎಳೆದರೆ ತುದಿಯಲ್ಲೊಂದು ಸಣ್ಣ ದೀಪ ಹತ್ತಿಕೊಳ್ಳುತ್ತದೆ. ಬಿಟ್ಟ ಉಸಿರಿನಲ್ಲಿ ಬಿಳಿಯ ಮೋಡ, ಜೊತೆಗೆ ಮಾವಿನ ಹಣ್ಣಿನ ಘಮ. ಹೊಗೆಸೊಪ್ಪಿನ ನಾತವಿಲ್ಲ, ಬೂದಿಯಿಲ್ಲ, ಬೆಂಕಿಕಡ್ಡಿ ಬೇಕಿಲ್ಲ. ಇದೇ ಇ-ಸಿಗರೇಟು. ಹುಡುಗರ ಬಾಯಲ್ಲಿ ‘ವೇಪ್’.

ಕರ್ನಾಟಕ ಸರ್ಕಾರ ಇದನ್ನು 2016ರ ಜೂನ್‌ನಲ್ಲೇ ನಿಷೇಧಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಇಡೀ ದೇಶದಲ್ಲಿ ನಿಲ್ಲಿಸಿತು; ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ಕಾಯಿದೆಯಾಯಿತು. ಹಾಗಿದ್ದ ಮೇಲೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮಕ್ಕಳಿಗೆ ಇದರ ಪಾಠವೇಕೆ ಎಂದು ಕೇಳಬಹುದು. ಮಾಲೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓದಲು ಹೋಗಿ ಬರುವವರಿದ್ದಾರೆ. ಕೋಲಾರ, ಮುಳಬಾಗಿಲುಗಳು ಮದ್ರಾಸ್ ಹೆದ್ದಾರಿಯ ಮೇಲೇ ಕುಳಿತಿವೆ. ಬೆಂಗಳೂರಿಗೆ ಕಳ್ಳದಾರಿಯಲ್ಲಿ ಬಂದದ್ದು ಇಲ್ಲಿಗೆ ಬರಲು ಎಷ್ಟು ಹೊತ್ತು? ಅದೂ ಬರುವುದು ದುಬಾರಿ ಮಾಲಲ್ಲ. ಒಂದಷ್ಟು ದಿನ ಎಳೆದು ಬಿಸಾಡುವ ಅಗ್ಗದ ಮಾಲು. ಕದ್ದು ಮಾರುವ ವಸ್ತುವಿಗೆ ಐ.ಎಸ್.ಐ. ಗುರುತೂ ಇಲ್ಲ, ರಸೀದಿಯೂ ಇಲ್ಲ, ಒಳಗೇನಿದೆ ಎಂದು ಕೇಳಲು ಅಂಗಡಿಯೂ ಇಲ್ಲ.

ಒಳಗಿರುವುದು ಹತ್ತನೆಯ ತರಗತಿಯ ವಿದ್ಯುತ್ ಪಾಠವೇ. ಮೊಬೈಲಿನಲ್ಲಿರುವಂಥ ಒಂದು ಲಿಥಿಯಂ ಅಯಾನ್ ಕೋಶ, ಅದರ ವಿಭವಾಂತರ 3.7 ವೋಲ್ಟ್. ಒಂದು ಪುಟ್ಟ ತಂತಿಯ ಸುರುಳಿ, ಅದರ ರೋಧ 1.2 ಓಮ್ ಎಂದಿಟ್ಟುಕೊಳ್ಳಿ. ಓಮನ ನಿಯಮದಂತೆ ಭಾಗಿಸಿದರೆ ಸುಮಾರು 3 ಆಂಪೇರ್ ಪ್ರವಾಹ. ಅದನ್ನು ವೋಲ್ಟಿನಿಂದ ಗುಣಿಸಿದರೆ ಸುಮಾರು 11 ವ್ಯಾಟ್ ಸಾಮರ್ಥ್ಯ. ಮನೆಯ ಕೋಣೆಯನ್ನು ಬೆಳಗುವ ಎಲ್.ಇ.ಡಿ. ಬಲ್ಬಿಗೆ 9 ವ್ಯಾಟ್ ಸಾಕು. ಅದಕ್ಕಿಂತ ಹೆಚ್ಚು ಸಾಮರ್ಥ್ಯ ಇಲ್ಲಿ ಉಗುರಿನಗಲದ ತಂತಿಯೊಂದರ ಮೇಲೆ ಬೀಳುತ್ತದೆ. ತಂತಿ ಕ್ಷಣಾರ್ಧದಲ್ಲಿ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸುರುಳಿಯ ನಡುವೆ ಹತ್ತಿಯ ಬತ್ತಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಇದು ದ್ರವವನ್ನು ಹೀರಿಕೊಂಡಿರುತ್ತದೆ. ದ್ರವವೆಂದರೆ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್, ಅದರಲ್ಲಿ ಕರಗಿಸಿದ ನಿಕೋಟಿನ್ ಮತ್ತು ಸುವಾಸನೆಯ ರಾಸಾಯನಿಕಗಳು. ಕಾದ ದ್ರವ ಆವಿಯಾಗಿ, ಹೊರಗಿನ ಗಾಳಿಗೆ ತಣಿದು ಅತಿ ಸೂಕ್ಷ್ಮ ಹನಿಗಳಾಗುತ್ತದೆ. ಚಳಿಗಾಲದ ಬೆಳಗ್ಗೆ ಅಂತರಗಂಗೆಯ ಬೆಟ್ಟದ ಮೇಲೆ ಕೂರುವ ಮಂಜು ಹೇಗೋ ಹಾಗೆ. ಅದು ಬರೀ ನೀರಿನ ಆವಿ ಎಂದು ಹುಡುಗರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದುಂಟು. ಅದು ಬೆಟ್ಟದ ಮಂಜಿಗೆ ಸರಿಯೇ ಹೊರತು ಇದಕ್ಕಲ್ಲ.

ಈ ಕಲ್ಪನೆ ಹೊಸದೇನಲ್ಲ. ಹರ್ಬರ್ಟ್ ಗಿಲ್ಬರ್ಟ್ ಎಂಬ ಅಮೆರಿಕದವರು ಹೊಗೆಸೊಪ್ಪಿಲ್ಲದ, ಹೊಗೆಯಿಲ್ಲದ ಸಿಗರೇಟಿಗೆ 1965ರಲ್ಲೇ ಪೇಟೆಂಟ್ ಪಡೆದಿದ್ದರು. ಆಗ ಯಾರೂ ಕೊಳ್ಳಲಿಲ್ಲ. 2003ರ ಸುಮಾರಿಗೆ ಚೀನಾದ ಔಷಧ ತಜ್ಞ ಹೊನ್ ಲಿಕ್ ಈಗಿನ ಮಾದರಿಯನ್ನು ರೂಪಿಸಿದರು. ಅವರೇ ವಿಪರೀತ ಸಿಗರೇಟು ಸೇದುತ್ತಿದ್ದರು, ತಂದೆಯೂ ಸೇದುತ್ತಿದ್ದವರು. ಬಿಡಲು ಒಂದು ದಾರಿ ಬೇಕಾಗಿತ್ತು.

ಈ ಹಿನ್ನೆಲೆ ಗೊತ್ತಿದ್ದರೆ ‘ಲಾಭ’ದ ಮಾತು ಅರ್ಥವಾಗುತ್ತದೆ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಮೀರಿ ರಾಸಾಯನಿಕಗಳಿವೆ. ಸುಮಾರು 70 ಕ್ಯಾನ್ಸರ್ ತರಬಲ್ಲವು. ಎಲೆ ಉರಿಯುವುದರಿಂದ ಟಾರು, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತವೆ. ವೇಪಿನಲ್ಲಿ ಏನೂ ಉರಿಯುವುದಿಲ್ಲವಾದ್ದರಿಂದ ಇವೆರಡರ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ದಿನಕ್ಕೆ ಒಂದು ಪ್ಯಾಕ್ ಸೇದುವ ಐವತ್ತು ವರ್ಷದ ಮನುಷ್ಯ ಸಿಗರೇಟನ್ನು ಪೂರ್ತಿ ಬಿಟ್ಟು ಇದಕ್ಕೆ ಬದಲಾದರೆ ಅವನ ದೇಹಕ್ಕೆ ಬೀಳುವ ವಿಷ ಕಡಿಮೆಯಾಗುತ್ತದೆ. ಸಿಗರೇಟು ಬಿಡಿಸುವಲ್ಲಿ ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಳಿಗಿಂತ ಇದು ಹೆಚ್ಚು ನೆರವಾಗುತ್ತದೆ ಎಂದು ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೂ ಹೇಳಿದೆ. 2023ರಲ್ಲಿ ಇಂಗ್ಲೆಂಡಿನ ಸರ್ಕಾರ 10 ಲಕ್ಷ ಧೂಮಪಾನಿಗಳಿಗೆ ವೇಪ್ ಕೊಟ್ಟು ಸಿಗರೇಟು ಬಿಡಿಸುವ ಯೋಜನೆಯನ್ನೇ ಪ್ರಕಟಿಸಿತು. ಅದೇ ದೇಶ 2025ರ ಜೂನ್ 1ರಿಂದ, ಬಳಸಿ ಬಿಸಾಡುವ ಅಗ್ಗದ ವೇಪುಗಳ ಮಾರಾಟವನ್ನು ನಿಷೇಧಿಸಿತು. ಮಕ್ಕಳ ಕೈಗೆ ಹೋಗುತ್ತಿದ್ದದ್ದು ಅವೇ. ಚರಂಡಿ ಸೇರುತ್ತಿದ್ದದ್ದೂ ಅವೇ: ಬ್ರಿಟನ್ನಿನಲ್ಲಿ ವಾರಕ್ಕೆ 50 ಲಕ್ಷದಷ್ಟು ಎಸೆಯಲಾಗುತ್ತಿದೆ ಎಂಬ ಲೆಕ್ಕ 2023ರಲ್ಲಿ ಹೊರಬಿದ್ದಿತ್ತು, ಪ್ರತಿಯೊಂದರಲ್ಲೂ ಒಂದು ಲಿಥಿಯಂ ಕೋಶ.

ಎಂದರೆ ಲಾಭವೇನಿದ್ದರೂ ಈಗಾಗಲೇ ಸೇದುವವನಿಗೆ. ಎಂದೂ ಸೇದದ ಹದಿನಾರರ ಹುಡುಗ ಯಾವುದಕ್ಕೆ ಬದಲಾಗಿ ಇದನ್ನು ಎಳೆಯುತ್ತಾನೆ? ಶುದ್ಧ ಗಾಳಿಗೆ ಬದಲಾಗಿ. ಅವನ ಲೆಕ್ಕದಲ್ಲಿ ಜಮೆಯ ಕಡೆ ಬರೆಯಲು ಏನೂ ಇಲ್ಲ.

ಇನ್ನು ಖರ್ಚಿನ ಕಡೆ. ಮೊದಲು ಮಾವಿನ ಘಮ. ಶ್ರೀನಿವಾಸಪುರದ ಮಕ್ಕಳಿಗೆ ಬಾದಾಮಿ ಯಾವುದು, ತೋತಾಪುರಿ ಯಾವುದು ಎಂದು ಕಣ್ಣುಮುಚ್ಚಿ ಮೂಸಿ ಹೇಳುವುದು ಗೊತ್ತು. ಈ ಕೊಳವೆಯೊಳಗಿನ ಮಾವು ಯಾವ ತೋಪನ್ನೂ ಕಂಡದ್ದಲ್ಲ, ಕಾರ್ಖಾನೆಯಲ್ಲಿ ಬೆರೆಸಿದ್ದು. ಇಂಥ ಸುವಾಸನೆಗಳನ್ನು ಬಿಸ್ಕತ್ತಿಗೆ, ಐಸ್‌ಕ್ರೀಮಿಗೆ ಹಾಕಬಹುದು ಎಂದು ಒಪ್ಪಿಗೆ ಇರಬಹುದು. ಹೊಟ್ಟೆಗೆ ಹೋದದ್ದನ್ನು ಜಠರದ ಆಮ್ಲ, ಆಮೇಲೆ ಯಕೃತ್ತು ವಿಚಾರಿಸಿಕೊಳ್ಳುತ್ತವೆ. ಶ್ವಾಸಕೋಶಕ್ಕೆ ಅಂಥ ಕಾವಲುಗಾರರಿಲ್ಲ. ಅಲ್ಲಿನ ಸುಮಾರು 30 ಕೋಟಿ ಗಾಳಿಗೂಡುಗಳ ಗೋಡೆ ಎಷ್ಟು ತೆಳುವೆಂದರೆ ಒಳಬಂದದ್ದು ನೇರ ರಕ್ತಕ್ಕೆ ದಾಟುತ್ತದೆ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್ ತಿನ್ನಲು ನಿರಪಾಯ. ಅದನ್ನೇ ಉಸಿರಾಡಿದ ಅಮೆರಿಕದ ಮಿಸ್ಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರ ಶ್ವಾಸನಾಳಗಳು ಮುಚ್ಚಿಹೋದದ್ದು 2000ದಲ್ಲಿ ಬೆಳಕಿಗೆ ಬಂತು. ಕೆಲವು ವೇಪ್ ದ್ರವಗಳಲ್ಲೂ ಇದು ಸಿಕ್ಕಿದೆ.

ಎರಡನೆಯದು ನಿಕೋಟಿನ್. ಕೋಲಾರದ ಟೊಮೆಟೊ ಮಂಡಿಗೆ ಬುಟ್ಟಿ ಇಳಿಸುವ ರೈತನಿಗೆ ಇದರ ಬಂಧುಬಳಗ ಚೆನ್ನಾಗಿ ಗೊತ್ತು. ಟೊಮೆಟೊ, ಬದನೆ, ಆಲೂಗಡ್ಡೆ, ಹೊಗೆಸೊಪ್ಪು ನಾಲ್ಕೂ ಒಂದೇ ಕುಟುಂಬದ ಸಸ್ಯಗಳು. ಹೊಗೆಸೊಪ್ಪಿನ ಗಿಡ ನಿಕೋಟಿನನ್ನು ತಯಾರಿಸುವುದು ತನ್ನನ್ನು ತಿನ್ನಬರುವ ಹುಳುಗಳನ್ನು ಕೊಲ್ಲಲು. ಹಿಂದೆ ರೈತರು ಹೊಗೆಸೊಪ್ಪಿನ ಕಷಾಯವನ್ನೇ ಬೆಳೆಗೆ ಸಿಂಪಡಿಸುತ್ತಿದ್ದರು. ಈಗ ಟೊಮೆಟೊದ ಬಿಳಿನೊಣಕ್ಕೆ, ಮಾವಿನ ಜಿಗಿಹುಳುವಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಕೂಡ ನಿಕೋಟಿನಿನ ಕೆಲಸವನ್ನೇ ಅನುಕರಿಸಿ ಮಾಡಿದ ಔಷಧ. ಎರಡೂ ಹೋಗಿ ಕೂರುವುದು ನರತಂತುಗಳ ನಡುವೆ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ಕೂರಬೇಕಾದ ಜಾಗದಲ್ಲಿ. ಹುಳು ನರ ಸೆಟೆದು ಸಾಯುತ್ತದೆ. ಮನುಷ್ಯನ ದೇಹ ದೊಡ್ಡದಾದ್ದರಿಂದ ಸಾಯುವುದಿಲ್ಲ, ಒಗ್ಗಿಕೊಳ್ಳುತ್ತದೆ. ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ತಲುಪುತ್ತದೆ, ಕ್ಷಣಕಾಲ ಹಿತವೆನಿಸುತ್ತದೆ; ಸ್ವಲ್ಪ ಹೊತ್ತಿಗೆ ಮಿದುಳು ಮತ್ತೆ ಕೇಳುತ್ತದೆ. ಮಿದುಳಿನ ಬೆಳವಣಿಗೆ 25ರ ಸುಮಾರಿಗೆ ಮುಗಿಯುವುದಾದ್ದರಿಂದ, ಹದಿಹರೆಯದಲ್ಲಿ ಹಿಡಿದ ಚಟ ಬಲವಾಗಿ ಹಿಡಿಯುತ್ತದೆ. ಗಮನವಿಟ್ಟು ಓದುವ, ನೆನಪಿಡುವ ಶಕ್ತಿಗೂ ಅದು ತೊಡಕು.

ಎಷ್ಟು ನಿಕೋಟಿನ್? ಒಂದು ಸಿಗರೇಟಿನಿಂದ ಸೇದುವವನ ದೇಹ ಸೇರುವುದು ಸುಮಾರು 1ರಿಂದ 1.5 ಮಿಲಿಗ್ರಾಂ. ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ಇರುವ ದ್ರವ 2 ಮಿಲಿಲೀಟರ್ ಇದ್ದರೆ ಕೊಳವೆಯಲ್ಲಿ 40 ಮಿಲಿಗ್ರಾಂ ಆಯಿತು. ಅದರಲ್ಲಿ ಅರ್ಧವೇ ದೇಹ ಸೇರಿದರೂ ಹೆಚ್ಚುಕಡಿಮೆ ಒಂದು ಪ್ಯಾಕ್ ಸಿಗರೇಟು. ಇದು ಸಣ್ಣದರ ಲೆಕ್ಕ. ಶೇ. 5ರ ದ್ರವ 10 ಮಿಲಿಲೀಟರ್ ತುಂಬಿದ ದೊಡ್ಡವೂ ಇವೆ. ಅವುಗಳಲ್ಲಿ 500 ಮಿಲಿಗ್ರಾಂ. ಅಲ್ಲದೆ ಸಿಗರೇಟಿಗೆ ಒಂದು ಕೊನೆಯಿದೆ. ಸುಟ್ಟು ಮುಗಿದ ಮೇಲೆ ಇನ್ನೊಂದನ್ನು ಹಚ್ಚಬೇಕೋ ಬೇಡವೋ ಎಂದು ಒಂದು ಗಳಿಗೆಯಾದರೂ ಯೋಚನೆ ಬರುತ್ತದೆ. ಇದು ಮುಗಿಯುವುದೇ ಇಲ್ಲ, ಹೊದಿಕೆಯ ಒಳಗೂ ಎಳೆಯಬಹುದು. ಜೊತೆಗೆ ನಿಕೋಟಿನಿಗೆ ಬೆಂಜಾಯಿಕ್ ಆಮ್ಲ ಸೇರಿಸಿ ಲವಣವಾಗಿಸಿದ್ದರೆ ಗಂಟಲು ಉರಿಯುವುದಿಲ್ಲ. ಮೊದಲ ಸಿಗರೇಟಿಗೆ ಕೆಮ್ಮಿ ಓಡಿಹೋಗುತ್ತಿದ್ದ ಹುಡುಗ ಇಲ್ಲಿ ಕೆಮ್ಮುವುದಿಲ್ಲ. ರಸಾಯನಶಾಸ್ತ್ರದ ಜಾಣತನವನ್ನು ಇದಕ್ಕೆ ಬಳಸಿದರಲ್ಲ!

‘ಇದರಲ್ಲಿ ನಿಕೋಟಿನ್ ಇಲ್ಲ’ ಎಂಬ ಚೀಟಿಯನ್ನು ನಂಬುವಂತೆಯೂ ಇಲ್ಲ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪರೀಕ್ಷಿಸಿದಾಗ ಹಾಗೆ ಬರೆದಿದ್ದವುಗಳಲ್ಲೂ ನಿಕೋಟಿನ್ ಸಿಕ್ಕಿತ್ತು.

ಅಗ್ಗದ ಮಾಲಿನ ವಿಶೇಷ ತೊಂದರೆ ಬೇರೆಯೇ ಇದೆ. ದುಬಾರಿ ಸಾಧನದಲ್ಲಿ ಉಷ್ಣತೆಯನ್ನು ಹಿಡಿತದಲ್ಲಿಡುವ ಮಂಡಲವಿರುತ್ತದೆ. ಅಗ್ಗದ್ದರಲ್ಲಿ ಅದನ್ನೇ ಉಳಿಸುವುದು. ದ್ರವ ತೀರಿ ಬತ್ತಿ ಒಣಗಿದ ಮೇಲೂ ತಂತಿ ಕಾಯುತ್ತಲೇ ಹೋದರೆ ಗ್ಲೈಕಾಲ್, ಗ್ಲಿಸರಿನ್‌ಗಳು ಒಡೆದು ಫಾರ್ಮಾಲ್ಡಿಹೈಡ್‌ನಂಥ ವಸ್ತುಗಳಾಗುತ್ತವೆ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆಯನ್ನು ಕೆಡದಂತೆ ಇಟ್ಟಿರುವ ಫಾರ್ಮಲಿನ್ ಅದರದೇ ದ್ರಾವಣ. ಲೋಹಗಳ ಕಥೆ ಇನ್ನೂ ಕೆಟ್ಟದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಳಸಿ ಬಿಸಾಡುವ ಕೆಲವು ವೇಪುಗಳ ಒಳಭಾಗಗಳಿಂದ ಸೀಸ ಮತ್ತು ನಿಕ್ಕಲ್ ದ್ರವಕ್ಕೆ ಇಳಿಯುವುದು ಕಂಡಿತು. ಒಂದು ಸಾಧನವಂತೂ ಒಂದು ದಿನದ ಬಳಕೆಯಲ್ಲಿ ಸುಮಾರು 20 ಪ್ಯಾಕ್ ಸಿಗರೇಟಿಗಿಂತ ಹೆಚ್ಚು ಸೀಸ ಹೊರಹಾಕಿತು. ಕೋಶ ಸಿಡಿಯುವುದೂ ಉಂಟು. 2018ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ವೇಪ್ ಸಿಡಿದು ಒಬ್ಬರು ಸತ್ತರು. 2019-20ರಲ್ಲಿ ಆ ದೇಶದಲ್ಲಿ 2,807 ಮಂದಿ ಶ್ವಾಸಕೋಶದ ತೀವ್ರ ತೊಂದರೆಯಿಂದ ಆಸ್ಪತ್ರೆ ಸೇರಿ, 68 ಮಂದಿ ಅಸುನೀಗಿದರು. ಮುಖ್ಯ ಕಾರಣ, ಗಾಂಜಾದ ಸತ್ವವಿರುವ ದ್ರವವನ್ನು ಮಂದವಾಗಿಸಲು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಎಲ್ಲ ವೇಪಿಗೂ ಇದನ್ನು ಅನ್ವಯಿಸುವುದು ಸರಿಯಲ್ಲ. ಆದರೆ ಕಳ್ಳಮಾಲಿನಲ್ಲಿ ಏನು ಬೆರೆಸಿದ್ದಾರೆಂದು ಕೊಂಡವನಿಗೆ ತಿಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಪುಟ್ಟ ತಂಗಿ ತಮ್ಮಂದಿರಿರುವ ಮನೆಯಲ್ಲಿ ಇನ್ನೊಂದು ಭಯ. ಈ ದ್ರವ ಕುಡಿದು 2014ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ತೀರಿಕೊಂಡಿತು.

ಕಾಯಿದೆಯ ವಿಚಾರ. 2019ರ ಕಾಯಿದೆಯಂತೆ ತಯಾರಿಕೆ, ಆಮದು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ನಿಕೋಟಿನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೇದುವವನಿಗೆಂದೇ ಬೇರೆ ಶಿಕ್ಷೆ ಅದರಲ್ಲಿ ಬರೆದಿಲ್ಲ. ಆದರೆ ಬೆಂಗಳೂರಿನಿಂದ ಎರಡು ತಂದು ಒಂದನ್ನು ಗೆಳೆಯನಿಗೆ ಕಾಸಿಗೆ ಕೊಟ್ಟವನು ಸೇದುವವನಾಗಿ ಉಳಿಯುವುದಿಲ್ಲ. ಕಾಯಿದೆಯ ಕಣ್ಣಿಗೆ ಮಾರುವವನಾಗುತ್ತಾನೆ.

ಬೀಡಿ, ಸಿಗರೇಟನ್ನು ಪೆಟ್ಟಿಗೆ ಅಂಗಡಿಯಲ್ಲಿ ತೂಗುಬಿಟ್ಟು, ಅದಕ್ಕಿಂತ ಕಡಿಮೆ ವಿಷದ್ದನ್ನು ಮಾತ್ರ ನಿಷೇಧಿಸುವುದು ಯಾವ ನ್ಯಾಯ ಎಂದು ತರಗತಿಯ ಜಾಣ ಹುಡುಗ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಈ ಜಿಲ್ಲೆಯಲ್ಲಂತೂ ಅದಕ್ಕೆ ತೂಕ ಹೆಚ್ಚು. ಇಲ್ಲಿನ ಹಳ್ಳಿಗಳಲ್ಲಿ ಎಲೆಯಡಿಕೆ, ಹೊಗೆಸೊಪ್ಪನ್ನು ದವಡೆಯಲ್ಲಿಟ್ಟುಕೊಂಡೇ ಮಲಗುವ ಹೆಂಗಸರಿದ್ದಾರೆ. ಬಾಯಿ ಕ್ಯಾನ್ಸರ್ ಇಲ್ಲಿ ಹೆಚ್ಚೆಂದು ಟಮಕದ ವೈದ್ಯಕೀಯ ಕಾಲೇಜಿನ ವೈದ್ಯರು ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಅವರಲ್ಲಿ ಹೆಚ್ಚಿನವರು ಅಗಿಯುವವರು. ಕಡ್ಡಿಪುಡಿ ಅಗಿಯುವ ಅಜ್ಜಿಗೆ, ಬೀಡಿ ಎಳೆಯುವ ತಾತನಿಗೆ ವೇಪಿನಿಂದ ಆಗಬೇಕಾದ್ದೇನೂ ಇಲ್ಲ. ಅದನ್ನು ಅವರಿಗಾಗಿ ತಯಾರಿಸಿಯೂ ಇಲ್ಲ. ಬಣ್ಣ, ಘಮ, ದೀಪಗಳು ಯಾರನ್ನು ಕರೆಯುತ್ತವೆ ಎಂದು ನೋಡಿದರೆ ನಿಷೇಧದ ಉದ್ದೇಶ ತಿಳಿಯುತ್ತದೆ. ಬೀಡಿ ಸಿಗರೇಟಿನ ಕಡೆಗೂ ಹಗ್ಗ ಸ್ವಲ್ಪ ಬಿಗಿಯಾಗಿದೆ. 2025ರಿಂದ ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ.

ಮನೆಯಲ್ಲಿ ಗಮನಿಸಬೇಕಾದ್ದು ಹೀಗೆ: ಕೋಣೆಯಲ್ಲಿ ಹಣ್ಣಿನ, ಪೆಪ್ಪರ್‌ಮೆಂಟಿನ ಸಿಹಿ ವಾಸನೆ, ಬಿಡದ ಒಣಕೆಮ್ಮು, ಅತಿ ಬಾಯಾರಿಕೆ, ಎಲ್ಲಿಗೂ ಸಿಕ್ಕಿಸದ ಪೆನ್‌ಡ್ರೈವ್, ಗಂಟೆಗೊಮ್ಮೆ ತಾರಸಿಗೆ ಹೋಗಿ ಬರುವ ಅಭ್ಯಾಸ. ಇವಕ್ಕೆಲ್ಲ ಬೇರೆ ಕಾರಣವೂ ಇರಬಹುದು, ಕಂಡಕೂಡಲೇ ಬೆತ್ತ ಹುಡುಕುವುದು ಬೇಡ. ಸಿಕ್ಕಿಬಿದ್ದ ಮಗ ಹೊಡೆತ ತಿಂದರೆ ಮುಂದಿನ ಸಲ ಚೆನ್ನಾಗಿ ಬಚ್ಚಿಡುವುದನ್ನು ಕಲಿಯುತ್ತಾನೆ. ಚಟ ಹಿಡಿದಿದ್ದರೆ ಬಿಟ್ಟ ಮೊದಲ ಒಂದೆರಡು ವಾರ ಸಿಡುಕು, ನಿದ್ದೆಗೇಡು, ಓದಿನಲ್ಲಿ ಮನಸ್ಸಿಲ್ಲದಿರುವುದು ಸಹಜ. ಅದು ಹಟವಲ್ಲ, ನಿಕೋಟಿನ್ ಇಳಿಯುತ್ತಿರುವ ಲಕ್ಷಣ. ಕೊಳವೆಯನ್ನು ಒಲೆಗೆ ಹಾಕಬಾರದು, ಕಲ್ಲಿನಿಂದ ಜಜ್ಜಲೂ ಬಾರದು, ಕೋಶ ಹೊತ್ತಿಕೊಳ್ಳುತ್ತದೆ.

ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ದೂರವಾಣಿ 1800-11-2356, ಕರೆಗೆ ದುಡ್ಡಿಲ್ಲ. ದಕ್ಷಿಣದ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಕೇಂದ್ರ ನೋಡಿಕೊಳ್ಳುತ್ತದೆ. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು, ಗಡಿಭಾಗದ ಮನೆಗಳ ತೆಲುಗಿನಲ್ಲೂ. ಮಗನ ಜೊತೆಗೆ, ಬೀಡಿ ಸೇದುವ ಅಪ್ಪನೂ ಅದೇ ಸಂಖ್ಯೆಗೆ ಕರೆ ಮಾಡಬಹುದು.