ಹೆಪ್ಪು ಕರಗಿಸುವ ಕೊಳವೆ: ಎರಡು ಸಂಸ್ಥೆಗಳನ್ನು ಕೂಡಿಸಿ

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗಳಿಗೆ,



ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆ ತಮ್ಮ ಇಲಾಖೆಯದೇ. ಮುಂದೆ ಮಣಿಪಾಲಕ್ಕೆ ಕುಲಪತಿಯಾಗಿ ಬಂದ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಅಲ್ಲಿ ರೂಪಿಸಿದ ಕೃತಕ ಹೃದಯ ಕವಾಟ 1990ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಎದೆ ಸೇರಿತು. ಅದರ ಬಿಲ್ಲೆ ಪಾಲಿಎಥಿಲೀನಿನದು. ಕವಾಟವೇನೋ ಗೆದ್ದಿತು, ರೋಗಿಗೆ ಮಾತ್ರ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವುದು ಜೀವಮಾನವಿಡೀ ತಪ್ಪಲಿಲ್ಲ.

ರಕ್ತಕ್ಕೆ ಪ್ಲಾಸ್ಟಿಕ್ ಒಗ್ಗುವುದಿಲ್ಲ. ಸೋಕಿದ ಕೆಲವೇ ಕ್ಷಣಗಳಲ್ಲಿ ಪ್ರೋಟೀನುಗಳು ಅಂಟುತ್ತವೆ, ಪ್ಲೇಟ್‌ಲೆಟ್‌ಗಳು ಬಂದು ಕೂರುತ್ತವೆ, ಫೈಬ್ರಿನ್ ಎಳೆಗಳು ಬಲೆ ನೇಯುತ್ತವೆ. ಹೆಪಾರಿನ್ ಲೇಪ ಈ ನೇಯ್ಗೆಯನ್ನೇ ತಡೆಯಲು ನೋಡುತ್ತದೆ. ಬಲೆಯನ್ನು ಹುಟ್ಟಿದಲ್ಲೇ ಕತ್ತರಿಸುವುದು ಇನ್ನೊಂದು ದಾರಿ. ಯುರೋಕೈನೇಸ್ ಎಂಬ ಕಿಣ್ವವನ್ನು ಕೊಳವೆಯ ಒಳಮೈಗೆ ರಾಸಾಯನಿಕವಾಗಿ ಬೆಸೆದರೆ ಅದು ರಕ್ತದಲ್ಲೇ ಇರುವ ಪ್ಲಾಸ್ಮಿನೋಜೆನನ್ನು ಪ್ಲಾಸ್ಮಿನ್ ಆಗಿಸುತ್ತದೆ. ಪ್ಲಾಸ್ಮಿನ್ ಫೈಬ್ರಿನನ್ನು ತುಂಡರಿಸುತ್ತದೆ. ಅಮೆರಿಕ, ಜಪಾನ್‌ಗಳು 1970ರ ದಶಕದಲ್ಲೇ ಇದನ್ನು ಪ್ರಯತ್ನಿಸಿದವು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಜಾನ್ ಬ್ರ್ಯಾಶ್ ತಂಡದ ಜಾಣತನ ಬೇರೆಯೇ: ಪಾಲಿಯುರಥೇನ್‌ಗೆ ಲೈಸಿನ್ ಎಂಬ ಅಮೈನೋ ಆಮ್ಲ ಜೋಡಿಸಿ, ರಕ್ತದಲ್ಲಿನ ಪ್ಲಾಸ್ಮಿನೋಜೆನನ್ನೇ ಮೇಲ್ಮೈಗೆ ಸೆಳೆದುಕೊಂಡಿತು.

ನಮ್ಮಲ್ಲಿ ಏನು ಕೊರತೆ? ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆ ಇಮ್‌ಟೆಕ್‌ನಲ್ಲಿ ಗಿರೀಶ್ ಸಾಹ್ನಿ ಅವರ ತಂಡ ಬೆಳೆಸಿದ ಸ್ಟ್ರೆಪ್ಟೊಕೈನೇಸ್ ಎಂಬ ಹೆಪ್ಪುನಾಶಕದ ತಂತ್ರಜ್ಞಾನ ಔಷಧವಾಗಿ ಮಾರುಕಟ್ಟೆಗೇ ಬಂದಿದೆ. ಹೆಪ್ಪು ಕರಗಿಸುವ ವಿದ್ಯೆ ಅಲ್ಲಿ, ಪಾಲಿಮರ್ ವಿದ್ಯೆ ತಿರುವನಂತಪುರದಲ್ಲಿ. ಇಮ್‌ಟೆಕ್ ಸಿಎಸ್‌ಐಆರ್‌ಗೆ ಸೇರಿದ್ದು, ನಿಜ; ಆದರೆ ಮಂತ್ರಾಲಯ ಒಂದೇ, ಕಡತ ಬಹಳ ದೂರ ಹೋಗಬೇಕಿಲ್ಲ.

ಎರಡನ್ನೂ ಕೂಡಿಸುವ ಯೋಜನೆಗೆ ಹಣ ಕೊಡಿ. ಗುರಿಯನ್ನು ಮಾತ್ರ ಚಿಕ್ಕದಾಗಿಡಿ. ಹೃದಯ ಕವಾಟ ಬೇಡ, ಡಯಾಲಿಸಿಸ್ ಕ್ಯಾತಿಟರ್ ಸಾಕು. ಅಂಟಿಸಿದ ಕಿಣ್ವ ದಿನ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ, ವರ್ಷಗಟ್ಟಲೆ ಅದನ್ನು ನಂಬಲಾಗದು. ತಾತ್ಕಾಲಿಕ ಕ್ಯಾತಿಟರ್‌ಗೆ ಕೆಲವು ವಾರ ಉಳಿದರೂ ಲಾಭವೇ. ಕಟ್ಟಿಕೊಂಡ ಕ್ಯಾತಿಟರ್ ಬಿಡಿಸಲು ವೈದ್ಯರು ಇಂಥದೇ ಔಷಧವನ್ನು ಅದರೊಳಗೆ ತುಂಬುವುದು ಈಗಲೂ ಉಂಟು.

ಪರೀಕ್ಷೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಗಾಜಿನ ತಟ್ಟೆಯ ಫೈಬ್ರಿನ್ ಪದರ ಕರಗಿಸಿ ಪ್ರಬಂಧ ಬರೆಯುವುದು ಸುಲಭ. ನಿಜವಾದ ರಕ್ತದಲ್ಲಿ ಈ ಕಿಣ್ವವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನುಗಳೇ ಇವೆ. ಆದ್ದರಿಂದ ಹರಿಯುವ ಮಾನವ ರಕ್ತದಲ್ಲಿ, ಸ್ಟೆರಿಲೈಸ್ ಮಾಡಿದ ಮೇಲೆ, ಕಲಬುರಗಿಯ ಮೇ ತಿಂಗಳ ಸೆಕೆಯಲ್ಲಿ ಆಸ್ಪತ್ರೆಯ ಉಗ್ರಾಣದಲ್ಲಿ ಕೂತೆದ್ದ ಮೇಲೂ ಕಿಣ್ವದ ಶಕ್ತಿ ಎಷ್ಟು ಉಳಿದಿದೆ ಎಂಬ ಲೆಕ್ಕ ಒಪ್ಪಿಸಿದವರಿಗೇ ಎರಡನೇ ಕಂತು ಬಿಡುಗಡೆಯಾಗಲಿ.